ಬಯಲಿನಲ್ಲಿಯೂ ಬೆಟ್ಟದಲ್ಲಿಯೂ ರಾತ್ರಿಯ ಶೀತನಿವಾರಣೆ

ಕಾರ್ತಿಕಮಾಸದ ಕಡೆಯ ಸೋಮವಾರದಂದು ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಪರಿಷೆಗೆ ಒಂದೆರಡು ದಿನಗಳ ಮುಂಚಿನಿಂದಲೇ ಸುತ್ತಣ ಸೀಮೆಯ ರೈತರೂ ವ್ಯಾಪಾರಿಗಳೂ ಮೂಟೆಗಳನ್ನು ತಂದು, ದೊಡ್ಡ ಬಸವಣ್ಣನ ಗುಡಿಯ ಮುಂದಣ ರಸ್ತೆಯ ಎರಡು ಮಗ್ಗುಲಲ್ಲಿಯೂ ರಾಶಿ ಹಾಕಿಕೊಂಡು, ರಾತ್ರಿಯನ್ನು ಆ ರಾಶಿಗಳ ಪಕ್ಕದಲ್ಲಿಯೇ ಕಳೆಯುವರು. ಮನೆಯೊಳಗೆ ಕದವಿಕ್ಕಿ ರಗ್ಗು ಹೊದ್ದು ಮಲಗಿದ ನಮಗೇ ಚಳಿಯೆನಿಸುವ ಹೊತ್ತಿನಲ್ಲಿ, ಬೀದಿಯಲ್ಲಿ ಮಲಗಿದ ಆ ಜನರು ಸುಖವಾಗಿ ಗೊರಕೆ ಹೊಡೆಯುತ್ತಿರುವುದನ್ನು ನಾನು ಅನೇಕ ವರ್ಷಗಳಿಂದ ನೋಡಿರುವೆನು. ಒಂದು ಸಲ ನಡುರಾತ್ರಿ ಕಳೆದ ಮೇಲೆ ಆ ದಾರಿಯಲ್ಲಿ ಬರುತ್ತಿರುವಾಗ, ಮುದುಕನೊಬ್ಬನು ಹಾಸಿಗೆ ಸಿದ್ಧಮಾಡಿಕೊಳ್ಳುವ ಕ್ರಮವು ಕಣ್ಣಿಗೆ ಬಿದ್ದಿತು. ಅವನು ಮೊದಲು ಬರಿದಾದ ನಾಲ್ಕು ಗೋಣಿಚೀಲಗಳನ್ನು ಒಂದರ ಮೇಲೊಂದು ಹಾಸಿದನು. ಅದರ ಮೇಲೆ ಹುಲ್ಲು ಹರಡಿದನು. ಹುಲ್ಲಿನ ಮೇಲೆ ಮತ್ತೊಂದು ಗೋಣಿಯನ್ನು ಹಾಕಿ, ಕಡೆಗೆ ತನ್ನಲ್ಲಿದ್ದ ಒಂದೇ ಒಂದು ಕಂಬಳಿಯನ್ನು ಉದ್ದಕ್ಕೆ ಮಡಿಸಿ ಅರ್ಧವನ್ನು ಮೈ ಕೆಳಗೂ ಅರ್ಧವನ್ನು ಮೈ ಮೇಲೂ ಬರುವಂತೆ ಮಾಡಿಕೊಂಡನು. ಅಂತು, ಅವನ ಬಳಿಯಿದ್ದ ಸಾಮಗ್ರಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕೆಳಕ್ಕೇ ಹೋಯಿತು. ಹೀಗೇಕೆಂದು ಕೇಳಲು, "ನೆಲ ಕುಡೀತದೆ ಸ್ವಾಮಿ" ಎಂದಷ್ಟೇ ಹೇಳಿ ಮುಸುಕೆಳೆದುಕೊಂಡನು.

ಈ ಎರಡು ಮಾತುಗಳಲ್ಲಿ ಅಡಗಿರುವ ಅರ್ಥವನ್ನು ಬಿಡಿಸಿ ಹೇಳುವುದೇ ಪ್ರಕೃತ ಲೇಖನದ ಉದ್ದೇಶವು. ಈಚೆಗೆ ನಮ್ಮ ನಗರದ ತರುಣರು ವಾರದ ಕೊನೆಯ ದಿನಗಳಲ್ಲಿ ಬೆಟ್ಟಗಳಿಗೆ ಹೋಗಿ ಡೇರೆಗಳಲ್ಲಿಯೂ ಹಾಳುಮಂಟಪಗಳಲ್ಲಿಯೂ ತಂಗುವ ರೂಢಿಯು ಬಹಳವಾಗಿ ಬೆಳೆದಿದೆ. ಹಿಮಾಲಯದವರೆಗೂ ಹೋಗುವವರ ಸಂಖ್ಯೆಯೂ ಸ್ವಲ್ಪವಲ್ಲ. ಇವರ ಬೆನ್ನುಚೀಲಗಳಲ್ಲಿ ಬೆಲೆಬಾಳುವ ಉಡುಪುಗಳಿರುವುವು. ಆದರೆ ಮುದುಕನು ಬಲ್ಲ ಸಂಗತಿಯು ಎಲ್ಲರ ತಲೆಯಲ್ಲಿಯೂ ಇರುವಂತೆ ತೋರುವುದಿಲ್ಲ.

ಮೊದಲು ಭಾಷೆಯ ವಿಚಾರವಾಗಿ ಒಂದು ಮಾತು. "ಚಳಿ ಹಿಡಿಯಿತು", "ಚಳಿ ಹೊಕ್ಕಿತು", "ಚಳಿ ಕೊರೆಯುತ್ತಿದೆ" ಎಂದು ನಾವು ಆಡುವೆವು. ಈ ಪ್ರಯೋಗಗಳಲ್ಲೆಲ್ಲ ಚಳಿಯೆಂಬುದು ಹೊರಗಿನಿಂದ ಬಂದು ಮೈಯನ್ನು ಹಿಡಿಯತಕ್ಕ ಒಂದು ಭೂತದಂತೆ ಭಾವಿತವಾಗಿದೆ. ಹಳಗನ್ನಡದ 'ಕುಳಿರ್' ಎಂಬ ಶಬ್ದವೂ ಹೀಗೆಯೇ ಕರ್ತೃಪದವಾಗಿ ನಿಲ್ಲುವುದುಂಟು. ವಾಸ್ತವದಲ್ಲಿ ಚಳಿಯೆಂಬ ವಸ್ತುವೇ ಇಲ್ಲ. ಇರುವುದು ಶಾಖವೊಂದೇ, ಅದು ಹೆಚ್ಚು ಬಿಸಿಯಾದ ಸ್ಥಾನದಿಂದ ಕಡಮೆ ಬಿಸಿಯಾದ ಸ್ಥಾನಕ್ಕೆ ಹರಿದುಹೋಗುವುದು. ಮಲಗಿ ನಿದ್ರಿಸುವ ಮನುಷ್ಯನ ದೇಹವು ಸುಮಾರು ೭೦ ರಿಂದ ೮೦ ವ್ಯಾಟುಗಳಷ್ಟು ಶಾಖವನ್ನು ರಾತ್ರಿಯೆಲ್ಲ ಉತ್ಪಾದಿಸುತ್ತಿರುವುದು. ಎಂದರೆ ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ತಂತಿಯ ಬಲ್ಬೊಂದರಷ್ಟು. ಈ ಸಂಪಾದನೆಗಿಂತ ವೆಚ್ಚವು ಹೆಚ್ಚಾದರೆ ಅದನ್ನೇ ನಾವು ಚಳಿಯೆನ್ನುವೆವು. ಮುದುಕನ ಮಾತು ಇಲ್ಲಿ ಪಂಡಿತರ ಮಾತಿಗಿಂತ ಶಾಸ್ತ್ರಕ್ಕೆ ಹತ್ತಿರವಾಗಿದೆ: ನೆಲವು ಚಳಿಯನ್ನು ಕೊಡುವುದಿಲ್ಲ, ನಮ್ಮ ಶಾಖವನ್ನು ಕುಡಿಯುವುದು.

ಹೀಗೆ ಕುಡಿಯತಕ್ಕವು ನಾಲ್ಕು: ಕೆಳಗೆ ನೆಲ, ಮೇಲೆ ಆಕಾಶ, ಸುತ್ತಲೂ ಗಾಳಿ, ಮೈಗೆ ಅಂಟಿದ ನೀರು. ಇವುಗಳಲ್ಲಿ ನೆಲವನ್ನು ಮೊದಲು ಹೇಳಿದುದಕ್ಕೆ ಕಾರಣವುಂಟು.

ಅಲುಗಾಡದೆ ನಿಂತ ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಬಹು ಸೋಮಾರಿ. ಅದರೊಡನೆ ಹೋಲಿಸಿದರೆ ನೀರು ಸುಮಾರು ೨೫ ಪಟ್ಟು ಚುರುಕಾಗಿಯೂ, ನಮ್ಮ ಬೆಟ್ಟಗಳ ಕರಿಕಲ್ಲು ೧೦೦ ಪಟ್ಟಿಗಿಂತ ಮಿಗಿಲಾಗಿಯೂ ಶಾಖವನ್ನು ಸಾಗಿಸುವುದು. ಆದುದರಿಂದ ಬರಿಯ ಕಲ್ಲಿನ ಮೇಲೆ ಬೆನ್ನಿಟ್ಟು ಮಲಗಿದವನು, ಮೇಲೆ ಎಷ್ಟು ಹೊದ್ದರೂ, ತೂತುಬಿದ್ದ ಕೊಡಕ್ಕೆ ನೀರು ಹೊಯ್ಯುವವನಂತೆ ಆಗುವನು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹೊದಿಕೆಯು ಬೆಚ್ಚಗಿಡುವುದು ತನ್ನ ನೂಲಿನಿಂದಲ್ಲ, ನೂಲುಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಮೈ ಕೆಳಗೆ ಹಾಸಿದ ಬಟ್ಟೆಯನ್ನು ನಮ್ಮ ಭಾರವೇ ಅದುಮಿ ಆ ಗಾಳಿಯನ್ನು ಹೊರದೂಡುವುದರಿಂದ, ಮೇಲೆ ಒಂದು ಪದರದಿಂದ ಆಗುವ ಕೆಲಸಕ್ಕೆ ಕೆಳಗೆ ಎರಡು ಮೂರು ಪದರಗಳು ಬೇಕಾಗುವುವು. ಒಣಹುಲ್ಲು, ತರಗು, ಗೋಣಿ ಮುಂತಾದ ಗಡುಸಾದ ವಸ್ತುಗಳು ಅಷ್ಟು ಸುಲಭವಾಗಿ ಅದುಮಿಹೋಗುವುದಿಲ್ಲ. ಇಂದಿನ ಪರ್ವತಾರೋಹಿಗಳು ಸುರುಳಿ ಸುತ್ತಿ ಒಯ್ಯುವ ಫೋಮಿನ ಚಾಪೆಯೂ ಇದೇ ತತ್ತ್ವದ್ದು. ಅದರ ಸಣ್ಣ ಗುಳ್ಳೆಗಳಲ್ಲಿ ಸೆರೆಯಾದ ಗಾಳಿಯು ಭಾರಕ್ಕೆ ಜಗ್ಗದು. ಬೆಲೆಯುಳ್ಳ ಮಲಗುಚೀಲವನ್ನು ಕೊಂಡು, ಚಾಪೆಗೆ ಹಣವೇಕೆಂದು ಬಿಟ್ಟವನು ಕಳಸಕ್ಕೆ ಚಿನ್ನ ಹಚ್ಚಿ ತಳಹದಿಯನ್ನು ಮರೆತಂತೆ ಸರಿ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ವಿದ್ಯಾರ್ಥಿದಶೆಯಲ್ಲಿ ನಾವು ನಾಲ್ವರು ಗೆಳೆಯರು ಒಂದು ಪುಷ್ಯಮಾಸದಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನು ಹತ್ತಿದೆವು. ಗಿರಿಗದ್ದೆಯನ್ನು ದಾಟಿ ಮೇಲೆ ಹೋದರೆ ದಾರಿಯಲ್ಲಿ ಒಂದು ಕಲ್ಲುಮಂಟಪವಿದೆ. ಆಗ ಅಲ್ಲಿ ರಾತ್ರಿ ತಂಗುವವರನ್ನು ಯಾರೂ ತಡೆಯುತ್ತಿರಲಿಲ್ಲ. ಮೇಲೆ ಕಲ್ಲಿನ ಮುಚ್ಚಿಗೆಯಿರುವಾಗ ಇನ್ನೇನು ಭಯವೆಂದು, ತಲೆಗೆ ಎರಡೆರಡು ಉಣ್ಣೆಯ ರಗ್ಗುಗಳನ್ನು ಹೊದ್ದು, ಕೆಳಗೆ ಒಂದು ಪಂಚೆಯನ್ನು ಮಾತ್ರ ಹಾಸಿಕೊಂಡು ಮಲಗಿದೆವು. ನಡುರಾತ್ರಿಗೆ ನಾಲ್ವರೂ ಎದ್ದು ಕುಳಿತಿದ್ದೆವು. ಎದೆಯು ಬೆಚ್ಚಗಿತ್ತು, ಬೆನ್ನು ಮಾತ್ರ ನಮ್ಮದಲ್ಲವೆಂಬಂತೆ ಮರಗಟ್ಟಿತ್ತು. ಒಬ್ಬರನ್ನೊಬ್ಬರು ಬೈದುಕೊಂಡು ಒಂದು ತಾಸು ಕಳೆದ ಮೇಲೆ ನಮ್ಮಲ್ಲಿ ಒಬ್ಬನಿಗೆ ಬುದ್ಧಿ ಬಂದು, ಚೀಲಗಳನ್ನೂ ಹಗ್ಗದ ಸುರುಳಿಯನ್ನೂ ಹಳೆಯ ವೃತ್ತಪತ್ರಿಕೆಗಳನ್ನೂ ಕೆಳಗೆ ಹರಡಿ, ಎರಡು ರಗ್ಗುಗಳಲ್ಲಿ ಒಂದನ್ನು ಹಾಸಿಗೆಯಾಗಿ ಮಾಡಿ, ಒತ್ತಾಗಿ ಮಲಗುವಂತೆ ಹೇಳಿದನು. ಬೆಳಗಿನವರೆಗೂ ನಿದ್ರೆ ಬಂದಿತು. ಹೊದಿಕೆಯು ಅರ್ಧವಾಯಿತು, ಚಳಿಯೂ ಹೋಯಿತು. ಇದೇನು ವಿಚಿತ್ರವೆಂದು ಆಗ ನಮಗೆ ತೋರಿದ್ದುಂಟು.

ಭಾರತದ ಪ್ರಾಚೀನರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಪಾಲಿ ವಾಙ್ಮಯದಲ್ಲಿ ಒಂದು ಸೊಗಸಾದ ಸಾಕ್ಷಿಯಿದೆ. ಅಂಗುತ್ತರನಿಕಾಯದ ಒಂದು ಸುತ್ತದಲ್ಲಿ, ಆಳವಿಯ ಹತ್ಥಕನೆಂಬ ರಾಜಪುತ್ರನು ಚಳಿಗಾಲದಲ್ಲಿ ಕಾಡಿನ ದನದ ದಾರಿಯಲ್ಲಿ ಎಲೆಯ ಹಾಸಿನ ಮೇಲೆ ಕುಳಿತಿದ್ದ ಬುದ್ಧನನ್ನು ಕಂಡು, ಸುಖನಿದ್ರೆಯಾಯಿತೆ ಎಂದು ವಿಚಾರಿಸುವನು. ಆಯಿತೆಂಬ ಉತ್ತರವನ್ನು ನಂಬಲಾರದೆ ಅವನು ಎತ್ತುವ ಆಕ್ಷೇಪಣೆಗಳ ಪಟ್ಟಿಯು ನೋಡತಕ್ಕದ್ದಾಗಿದೆ: ಮಂಜು ಬೀಳುವ ಕಾಲ, ದನಗಳ ಗೊರಸಿನಿಂದ ಗಟ್ಟಿಯಾದ ನೆಲ, ತೆಳುವಾದ ಎಲೆಹಾಸು, ವಿರಳವಾದ ಮರದೆಲೆಗಳು, ತಣ್ಣಗಿರುವ ಕಾಷಾಯ, ಬೀಸುವ ಗಾಳಿ. ನೆಲ, ಹಾಸು, ಮೇಲಣ ಮರೆ, ಉಡುಪು, ಗಾಳಿ, ಇವುಗಳಲ್ಲಿ ಯಾವುದನ್ನೂ ಅವನು ಬಿಟ್ಟಿಲ್ಲ. ಇಂದಿನ ಪರ್ವತಾರೋಹಣದ ಉಪಾಧ್ಯಾಯರು ಇದಕ್ಕಿಂತ ಹೆಚ್ಚಾಗಿ ಹೇಳಲಾರರು. ರಾಗದ್ವೇಷಗಳ ತಾಪವಿಲ್ಲದವನಿಗೆ ಎಲ್ಲೆಡೆಯೂ ಸುಖನಿದ್ರೆಯೇ ಎಂಬುದು ಭಗವಂತನ ಉತ್ತರದ ತಾತ್ಪರ್ಯ. ಆ ಸ್ಥಿತಿಗೆ ಏರದ ನಾವು ಎಲೆಯ ಹಾಸನ್ನು ದಪ್ಪಮಾಡಿಕೊಳ್ಳುವುದೇ ಮೇಲು.

ಮರದೆಲೆಗಳು ವಿರಳವಾಗಿವೆಯೆಂದು ಹತ್ಥಕನು ಹೇಳಿದುದರ ಮರ್ಮವು ಎರಡನೆಯ ಶತ್ರುವಾದ ಆಕಾಶಕ್ಕೆ ಸಂಬಂಧಪಟ್ಟಿದೆ. ಇಬ್ಬನಿಯು ಬಯಲಿನಲ್ಲಿ ಬೀಳುವುದು, ದಟ್ಟವಾದ ಮರದ ಕೆಳಗೆ ಬೀಳದು; ಇದನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಇಬ್ಬನಿಯು ಮೇಲಿನಿಂದ ಸುರಿಯುವುದೆಂದು ಬಹುಕಾಲ ಜನರು ನಂಬಿದ್ದರು. ಲಂಡನ್ನಿನ ವೈದ್ಯನಾದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತನು ರಾತ್ರಿಗಳಲ್ಲಿ ತೋಟದಲ್ಲಿ ಕುಳಿತು, ಒಂದೇ ತೂಕದ ಉಣ್ಣೆಯ ಮುದ್ದೆಗಳನ್ನು ಹಲಗೆಯ ಮೇಲೂ ಕೆಳಗೂ ಇಟ್ಟು ಪರೀಕ್ಷಿಸಿ, ೧೮೧೪ ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಿಜವಾದ ಕಾರಣವನ್ನು ಸ್ಥಾಪಿಸಿದನು. ಆಕಾಶಕ್ಕೆ ಎದುರಾಗಿರುವ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬೀರುತ್ತಿರುವುದು. ಮೋಡವಿದ್ದರೆ, ಮರವಿದ್ದರೆ, ಅವೂ ಬೀರುವ ಕಿರಣಗಳಿಂದ ನಷ್ಟದ ಬಹುಭಾಗವು ಹಿಂದಿರುಗಿ ಬರುವುದು; ತಿಳಿಯಾದ ಒಣ ಆಕಾಶದಿಂದ ಬರುವುದು ಅತ್ಯಲ್ಪ. ಹೀಗೆ ಸುತ್ತಣ ಗಾಳಿಗಿಂತಲೂ ತಣ್ಣಗಾದ ವಸ್ತುವಿನ ಮೇಲೆ ಗಾಳಿಯಲ್ಲಿರುವ ನೀರಾವಿಯು ಹನಿಗಟ್ಟುವುದೇ ಇಬ್ಬನಿ. ಹದಿನೆಂಟನೆಯ ಶತಮಾನದಲ್ಲಿ ಅಲಹಾಬಾದಿನ ಕಡೆಯ ಜನರು ಹುಲ್ಲು ಹಾಸಿದ ಗುಂಡಿಗಳಲ್ಲಿ ಅಗಲವಾದ ಮಣ್ಣಿನ ತಟ್ಟೆಗಳನ್ನಿಟ್ಟು, ಗಾಳಿಯು ಹೆಪ್ಪುಗಟ್ಟುವಷ್ಟು ತಣ್ಣಗಿಲ್ಲದ ರಾತ್ರಿಗಳಲ್ಲಿಯೂ, ಬರಿಯ ಆಕಾಶದ ಸಹಾಯದಿಂದಲೇ ನೀರನ್ನು ಮಂಜುಗಡ್ಡೆಯಾಗಿ ಮಾಡುತ್ತಿದ್ದರು. ಇದನ್ನು ೧೭೭೫ ರಲ್ಲಿ ರಾಬರ್ಟ್ ಬಾರ್ಕರ್ ಎಂಬಾತನು ವರ್ಣಿಸಿರುವನು. ನೀರನ್ನೇ ಕಲ್ಲಾಗಿಸಬಲ್ಲ ಆಕಾಶಕ್ಕೆ ನಮ್ಮ ಮೈಯನ್ನು ಒಡ್ಡಿ ಮಲಗುವುದು ಎಂತಹ ಅವಿವೇಕವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಡೇರೆಯ ಮುಖ್ಯೋಪಯೋಗವು ಇದೇ. ತೆಳುವಾದ ಬಟ್ಟೆಯು ಶಾಖವನ್ನು ತಡೆದಿಡುವುದೆಂದು ತಿಳಿಯುವುದು ಭ್ರಮೆ. ಒಳಗಿನ ಗಾಳಿಯು ಹೊರಗಿನದಕ್ಕಿಂತ ಕೆಲವೇ ಅಂಶಗಳಷ್ಟು ಬೆಚ್ಚಗಿರುವುದು. ಆದರೆ ಆ ಬಟ್ಟೆಯು ಆಕಾಶವನ್ನು ಮರೆಮಾಡುವುದು, ಗಾಳಿಯನ್ನು ಮುರಿಯುವುದು. ಇವೆರಡು ಕೆಲಸಗಳನ್ನು ತೆಂಗಿನ ಗರಿಯ ಗುಡಿಸಲೂ ಮಾಡುವುದು. ೧೮೯೮ ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ತಡಿಕೆ ಗುಡಿಸಲುಗಳನ್ನು ಕಟ್ಟಿಕೊಂಡು ಇರಬೇಕಾಯಿತು. ಆ ವ್ಯಾಧಿಯ ದೆಸೆಯಿಂದಲೇ ಬಸವನಗುಡಿ ಮಲ್ಲೇಶ್ವರಗಳ ಬಡಾವಣೆಗಳು ಬೇಗಬೇಗನೆ ತುಂಬಿದುವು. ಮುಂದೆಯೂ ಹಲವು ವರ್ಷಗಳು ಊರೂರುಗಳಲ್ಲಿ ಇಲಿ ಬಿದ್ದ ಕೂಡಲೇ ಹೊಲಕ್ಕೆ ಹೋಗಿ ಗುಡಿಸಲು ಹಾಕುವುದು ರೂಢಿಯಾಯಿತು. ಮಾಗಿಯ ರಾತ್ರಿಗಳನ್ನು ಎಳೆಯ ಮಕ್ಕಳೊಡನೆ ಹಾಗೆ ಕಳೆದವರ ಕಷ್ಟವನ್ನು ಇಂದು ಸಂತೋಷಕ್ಕಾಗಿ ಡೇರೆ ಹಾಕುವವರು ಒಮ್ಮೆಯಾದರೂ ನೆನೆಯಬೇಕು. ನಮ್ಮ ಊರಿನ ಚಳಿಯು ಅಷ್ಟು ತುಚ್ಛವೂ ಅಲ್ಲ. ೧೮೮೪ ನೆಯ ಜನವರಿ ೧೩ ರಂದು ಬೆಂಗಳೂರಿನಲ್ಲಿ ಉಷ್ಣಮಾನವು ೭.೮ ಸೆಂಟಿಗ್ರೇಡಿಗೆ ಇಳಿದಿತ್ತು. ಅದಕ್ಕಿಂತ ಕಡಮೆಯಾದುದು ಇಲ್ಲಿಯ ದಾಖಲೆಯಲ್ಲಿಲ್ಲ.

ಬೆಟ್ಟದ ಮೇಲಾದರೋ, ಪ್ರತಿ ಸಾವಿರ ಮೀಟರು ಏರಿದಂತೆ ಉಷ್ಣಮಾನವು ಸುಮಾರು ಆರೂವರೆ ಅಂಶಗಳಷ್ಟು ಇಳಿಯುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿಯೂ ಮುಳ್ಳಯ್ಯನಗಿರಿಯು ೧,೯೩೦ ಮೀಟರಿನಷ್ಟು ಎತ್ತರದಲ್ಲಿಯೂ ಇರುವುದರಿಂದ, ನಾವು ಮನೆಯಲ್ಲಿ ಕಾಣುವ ಚಳಿಗೆ ಅಲ್ಲಿ ಆರೇಳು ಅಂಶಗಳನ್ನು ಸೇರಿಸಿಕೊಳ್ಳಬೇಕು. ಗಾಳಿಯ ಲೆಕ್ಕ ಬೇರೆ. ಶಿಖರವು ತಣ್ಣಗಾದುದರಿಂದ ಕಣಿವೆಯೇ ಬೆಚ್ಚಗೆಂದು ಕೆಲವರು ಕೆಳಗಿಳಿದು ತೊರೆಯ ದಡದಲ್ಲಿ ಡೇರೆ ಹಾಕುವುದುಂಟು. ಇದೂ ತಪ್ಪು. ರಾತ್ರಿಯಲ್ಲಿ ತಣ್ಣಗಾದ ಗಾಳಿಯು ಭಾರವಾಗಿ, ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುವುದು. ಉದಕಮಂಡಲದಲ್ಲಿ ಕೊರೆಮಂಜು ಕಣಿವೆಯ ಹುಲ್ಲಿನ ಮೇಲೆ ಕಾಣಿಸುವುದೇ ಹೊರತು ಪಕ್ಕದ ಇಳಿಜಾರಿನ ಮೇಲೆ ಅಷ್ಟಾಗಿ ಕಾಣದಿರುವುದಕ್ಕೆ ಇದೇ ಕಾರಣ. ಶಿಖರವೂ ಅಲ್ಲದ, ತಗ್ಗೂ ಅಲ್ಲದ, ಬೆನ್ನಿಗೆ ಬಂಡೆಯೋ ಪೊದೆಯೋ ಉಳ್ಳ ನಡುವಣ ತಾಣವೇ ಉತ್ತಮ. ಅದೇ ನೀಲಗಿರಿಯ ತೋಡರ ಹಳೆಯ ಗುಡಿಸಲುಗಳನ್ನು ನೋಡಿ: ಕಮಾನಿನಂತೆ ಬಾಗಿದ ದಟ್ಟವಾದ ಹುಲ್ಲಿನ ಸೂರು, ಮೊಣಕಾಲೂರಿ ತೆವಳಿದಲ್ಲದೆ ಒಳಹೋಗಲಾರದಷ್ಟು ಕಿರಿದಾದ ಬಾಗಿಲು. ಮೈಯ ಶಾಖವು ಸಣ್ಣ ಅವಕಾಶವನ್ನು ಬೇಗನೆ ತುಂಬುವುದು, ದೊಡ್ಡದನ್ನು ತುಂಬಲಾರದು. ಇಬ್ಬರಿಗಾಗಿ ಆರು ಜನರ ಡೇರೆಯನ್ನು ಹೊತ್ತೊಯ್ಯುವವರು ಹೊರೆಯನ್ನೂ ಚಳಿಯನ್ನೂ ಒಟ್ಟಿಗೆ ಕೊಂಡಂತಾಗುವುದು.

ಇನ್ನು ಕಂಬಳಿಯ ವಿಚಾರ. ಶಬ್ದವು ಸಂಸ್ಕೃತದ 'ಕಂಬಲ'ದಿಂದ ಬಂದುದಾದರೂ, ವಸ್ತುವು ನಮ್ಮ ನಾಡಿನದೇ. ಚಿತ್ರದುರ್ಗದ ಸೀಮೆಯ ಚಳ್ಳಕೆರೆ ಮೊದಲಾಗಿ ಬಳ್ಳಾರಿ, ಕೊಪ್ಪಳ, ಹಾವೇರಿ, ಬೆಳಗಾವಿಗಳವರೆಗೂ ಕುರುಬರು ದಖನಿ ಕುರಿಯ ಒರಟು ಉಣ್ಣೆಯಿಂದ ಇದನ್ನು ನೇಯುತ್ತ ಬಂದಿರುವರು. ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹೊಡೆದು ಬಿಡಿಸಿ, ಹೆಂಗಸರು ನೂತು, ಗಂಡಸರು ಗುಣಿಮಗ್ಗದಲ್ಲಿ ನೇಯುವರು. ನೂಲಿಗೆ ಹುಣಸೆಬೀಜದ ಸರಿಯನ್ನು ಹಚ್ಚುವರು. ಕುರಿಮರಿಯ ಮೊದಲ ಕತ್ತರಿಯ ಉಣ್ಣೆಯಿಂದಾದುದು ಮೃದು. ಅದಕ್ಕೆ ಬೆಲೆಯೂ ಹೆಚ್ಚು. ಕರಿಯ ಬಣ್ಣವು ಕುರಿಯದೇ ಹೊರತು ಬಣ್ಣಗಾರನದಲ್ಲ. ಮೈಲಾರನ ಗೊರವಯ್ಯನು ತೊಡುವುದು ಈ ಕರಿಯ ಕಂಬಳಿಯನ್ನೇ. ಪಟ್ಟಣಿಗರು ಇದನ್ನು ಮುಟ್ಟಿ, ಚುಚ್ಚುವುದೆಂದು ಕೈಬಿಡುವರು. ಆ ಚುಚ್ಚುವಿಕೆಯಲ್ಲಿಯೇ ಇದರ ಗುಣವಿದೆ: ಗಡುಸಾದ ಕೂದಲು ಮೈ ಭಾರಕ್ಕೆ ಅದುಮಿಹೋಗದೆ ನಿಲ್ಲುವುದರಿಂದ, ಕಂಬಳಿಯು ಹೊದೆಯಲು ಎಷ್ಟು ತಕ್ಕದ್ದೋ ಹಾಸಲು ಅದಕ್ಕಿಂತ ತಕ್ಕದ್ದು.

ಕೂದಲಿಗೂ ಉಣ್ಣೆಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಬುದ್ಧನ ಸಮಕಾಲೀನನಾದ ಅಜಿತನೆಂಬ ಆಚಾರ್ಯನಿಗೆ 'ಕೇಸಕಂಬಲಿ' ಎಂದು ಹೆಸರು. ಮನುಷ್ಯರ ತಲೆಗೂದಲಿನ ಕಂಬಳಿಯನ್ನು ಹೊದೆಯುತ್ತಿದ್ದನಾದುದರಿಂದ ಆ ಹೆಸರೆಂದು ಹೇಳುವರು. ಮೇಲೆ ಹೇಳಿದ ಅಂಗುತ್ತರನಿಕಾಯದಲ್ಲಿಯೇ ಇಂತಹ ಕೇಶಕಂಬಳಿಯನ್ನು ಬಟ್ಟೆಗಳಲ್ಲೆಲ್ಲ ಕನಿಷ್ಠವೆಂದು ಎಣಿಸಿ, ಅದು ಚಳಿಯಲ್ಲಿ ತಣ್ಣಗೂ ಸೆಕೆಯಲ್ಲಿ ಬಿಸಿಯಾಗಿಯೂ ಇರುವುದೆಂದು ದೋಷ ಹೇಳಿದೆ. ಆ ದೋಷಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೀಳವಾಗಿ ನುಣುಪಾಗಿರುವ ತಲೆಗೂದಲು ಒಂದರ ಪಕ್ಕದಲ್ಲೊಂದು ಒತ್ತಾಗಿ ಕೂತು ನಡುವೆ ಗಾಳಿಗೆ ಎಡೆಗೊಡದು. ಕುರಿಯ ಉಣ್ಣೆಯ ಎಳೆಯು ಸುರುಳಿಸುರುಳಿಯಾಗಿ, ಮೈಮೇಲೆ ಸಣ್ಣ ಹೊರೆಪೊರೆಗಳುಳ್ಳದ್ದಾಗಿ, ನೆರೆಯ ಎಳೆಯನ್ನು ತಡೆದುನಿಲ್ಲಿಸುವುದರಿಂದ ಗಾಳಿಯ ಅಸಂಖ್ಯಾತವಾದ ಗೂಡುಗಳು ಏರ್ಪಡುವುವು. ಅಲ್ಲದೆ ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರಾವಿಯನ್ನು ಎಳೆಗಳ ಒಳಕ್ಕೆ ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುವುದು. ತುಂತುರು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ದಿನವೆಲ್ಲ ಕುರಿ ಕಾಯುವವನು ಅದೇ ಕಂಬಳಿಯನ್ನು ಕೊಡಹಿ ರಾತ್ರಿ ಹೊದೆಯಬಲ್ಲನಷ್ಟೆ. ಹತ್ತಿಯ ರಗ್ಗಿನಿಂದ ಇದಾಗದು. ಬಾತುಕೋಳಿಯ ತುಪ್ಪಳು ತುಂಬಿದ ಇಂದಿನ ಮಲಗುಚೀಲವು ಒಣಗಿರುವಾಗ ಕಂಬಳಿಗಿಂತ ಎಷ್ಟೋ ಹಗುರ, ಎಷ್ಟೋ ಬೆಚ್ಚಗೆ. ಇದನ್ನು ಅಲ್ಲಗಳೆಯುವುದು ಪಕ್ಷಪಾತವಾದೀತು. ನೆನೆದರೆ ಮಾತ್ರ ಅದರ ತುಪ್ಪಳು ಮುದ್ದೆಗಟ್ಟಿ ನಿರುಪಯೋಗವಾಗುವುದು.

ನೆನೆಯುವಿಕೆಯು ಮಳೆಯಿಂದಲೇ ಆಗಬೇಕೆಂದಿಲ್ಲ. ಮಲಗಿದವನು ಉಸಿರಿನಿಂದಲೂ ಚರ್ಮದಿಂದಲೂ ರಾತ್ರಿಯಲ್ಲಿ ದೊಡ್ಡ ಲೋಟದಷ್ಟು ನೀರನ್ನು ಆವಿಯಾಗಿ ಬಿಡುವನು. ಮುಚ್ಚಿದ ಡೇರೆಯಲ್ಲಿ ಅದು ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ಬೆಳಗಿನ ಜಾವಕ್ಕೆ ನಮ್ಮ ಮೇಲೆಯೇ ತೊಟ್ಟಿಕ್ಕುವುದು. ಬಾಗಿಲಿನ ಮೇಲ್ಗಡೆ ಸ್ವಲ್ಪ ತೆರೆದಿಟ್ಟರೆ ಹೋಗುವ ಶಾಖಕ್ಕಿಂತ ಉಳಿಯುವ ಒಣಗು ಹೆಚ್ಚು ಬೆಲೆಯುಳ್ಳದ್ದು. ಚಳಿಯೆಂದು ಮೂಗನ್ನೂ ಮುಸುಕಿನೊಳಗೆ ಸೇರಿಸಿ ಉಸಿರಾಡುವವರು ಹೊದಿಕೆಯನ್ನು ತಾವೇ ನೆನೆಸಿಕೊಳ್ಳುವರು; ತಲೆಗೆ ಟೋಪಿಯಿರಲಿ, ಮೂಗು ಹೊರಗಿರಲಿ. ಹಗಲು ಬೆವರಿದ ಅಂಗಿಯನ್ನು ತೆಗೆದು ಒಣಬಟ್ಟೆ ತೊಟ್ಟಲ್ಲದೆ ಮಲಗಲೇಬಾರದು.

ಇದು ಸುಖದ ಮಾತಲ್ಲ, ಪ್ರಾಣದ ಮಾತು. ೨೦೨೪ ನೆಯ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ಬಿರುಗಾಳಿಗೂ ಹಿಮಪಾತಕ್ಕೂ ಸಿಕ್ಕಿ ನಮ್ಮ ಕರ್ಣಾಟಕದ ಒಂಬತ್ತು ಮಂದಿ ಪ್ರಾಣಬಿಟ್ಟುದನ್ನು ವಾಚಕರು ಮರೆತಿರಲಾರರು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರೇ. ತಂಡವು ಡೇರೆಗಳಿಗೆ ಹಿಂದಿರುಗುವ ಮೊದಲೇ ಹವೆಯು ಕೆಟ್ಟು, ಬಯಲಿನಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಅಷ್ಟು ಎತ್ತರದಲ್ಲಿ ಅಂತಹ ಗಾಳಿಗೆ ಸಿಕ್ಕಿದವರ ವಿಷಯದಲ್ಲಿ ಮನೆಯಲ್ಲಿ ಕುಳಿತು ತಪ್ಪು ಎಣಿಸುವುದು ಯಾರಿಗೂ ಶೋಭಿಸದು. ತಿಳಿಯತಕ್ಕ ಸಂಗತಿಯೊಂದು ಮಾತ್ರವಿದೆ: ಹೆಪ್ಪುಗಟ್ಟುವ ಚಳಿಯೇ ಬೇಕೆಂದಿಲ್ಲ, ಒದ್ದೆ ಬಟ್ಟೆಯೂ ಗಾಳಿಯೂ ಸೇರಿದರೆ ಸಾಧಾರಣ ಚಳಿಯಲ್ಲಿಯೇ ದೇಹಶೈತ್ಯವು ಉಂಟಾಗಬಹುದು. ದೇಹದ ಒಳಗಿನ ಉಷ್ಣಮಾನವು ೩೭ ರಿಂದ ೩೫ ಅಂಶಗಳ ಕೆಳಕ್ಕೆ ಇಳಿದರೆ ಅಪಾಯವು ಮೊದಲಾಯಿತೆಂದು ತಿಳಿಯಬೇಕು. ಮೊದಲು ನಡುಕ, ಅನಂತರ ಮಾತು ತೊದಲುವುದು, ಕೈ ತಡವರಿಸುವುದು, ಗುಂಡಿ ಹಾಕಿಕೊಳ್ಳಲಾರದಿರುವುದು. ನಡುಕವು ತಾನಾಗಿ ನಿಂತರೆ ಗುಣವಾಯಿತೆಂದು ಸಂತೋಷಪಡುವುದು ಘೋರವಾದ ತಪ್ಪು. ದೇಹದ ಇಂಧನವು ಮುಗಿಯಿತೆಂಬುದು ಅದರ ಅರ್ಥ. ಆ ಹಂತದಲ್ಲಿ ಕೆಲವರು ಸೆಕೆಯಾಯಿತೆಂದು ಬಟ್ಟೆಯನ್ನೇ ಕಿತ್ತೆಸೆಯುವುದುಂಟು. ಅಂತಹವನ ಒದ್ದೆ ಬಟ್ಟೆಯನ್ನು ತೆಗೆದು, ನೆಲದಿಂದ ಎತ್ತಿ ದಪ್ಪ ಹಾಸಿನ ಮೇಲೆ ಮಲಗಿಸಿ, ಗಾಳಿ ಮರೆಮಾಡಿ, ಎದೆಗೂ ಕಂಕುಳಿಗೂ ಶಾಖ ಕೊಡಬೇಕು. ಒಬ್ಬರು ಅದೇ ಹೊದಿಕೆಯೊಳಗೆ ಒತ್ತಾಗಿ ಮಲಗುವುದೂ ಒಳ್ಳೆಯದು. ಎಚ್ಚರವಿದ್ದು ನುಂಗಬಲ್ಲವನಿಗೆ ಬಿಸಿಯಾದ ಸಿಹಿಪಾನಕವನ್ನು ಕೊಡಬಹುದು. ಕೈಕಾಲುಗಳನ್ನು ತಿಕ್ಕಬಾರದು. ಮದ್ಯವನ್ನು ಕೊಡಲೇಬಾರದು: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ತೋರಿಸುತ್ತ, ಒಳಗಿನ ಶಾಖವನ್ನೇ ಹೊರಕ್ಕೆ ಹಾಕುವುದು.

ಬೆಂಕಿಯ ವಿಷಯದಲ್ಲಿ ನಮ್ಮ ಹಿರಿಯರ ವಾಡಿಕೆಯೇ ನಮ್ಮನ್ನು ಮೋಸಗೊಳಿಸುವುದು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನೂ, ಮುದುಕರ ಮಂಚದ ಕೆಳಗೆ ಇದ್ದಲಿನ ಕುಂಪಟೆಯನ್ನೂ ಇಡುತ್ತಿದ್ದರು. ಯಾರೂ ಸಾಯಲಿಲ್ಲವಲ್ಲ ಎಂದು ಕೇಳುವರು. ಆ ಮನೆಗಳಿಗೆ ನಾಡಹೆಂಚಿನ ಸೂರಿತ್ತು, ಗವಾಕ್ಷಿಯಿತ್ತು, ಬಾಗಿಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿತ್ತು. ಗಾಳಿಯು ಬೇಡವೆಂದರೂ ಆಡುತ್ತಿತ್ತು. ಇಂದಿನ ಡೇರೆಯ ಬಟ್ಟೆಯೂ ಹೊಸ ಕೊಠಡಿಗಳ ಕಿಟಕಿಯೂ ಗಾಳಿಯಾಡದಂತೆ ಮಾಡಿದುವು. ಇವುಗಳೊಳಗೆ ಇದ್ದಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವು ಕೂಡುವುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಡಗಿದ ಕೆಂಡದಲ್ಲಿಯೂ ಇದು ಹುಟ್ಟುತ್ತಲೇ ಇರುವುದು. ರಕ್ತದಲ್ಲಿರುವ ಹೀಮೊಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುವುದರಿಂದ, ಮಲಗಿದವನು ತಲೆನೋವನ್ನೂ ಅರಿಯದೆ ನಿದ್ರೆಯಲ್ಲಿಯೇ ತೀರಿಹೋಗುವನು. ಚಳಿಗಾಲ ಬಂದರೆ ಇಂತಹ ಸಾವುಗಳ ವಾರ್ತೆಯೂ ಪತ್ರಿಕೆಗಳಲ್ಲಿ ಬರುವುದು. ಡೇರೆಯೊಳಗೆ ಕೆಂಡವನ್ನಾಗಲಿ ಒಲೆಯನ್ನಾಗಲಿ ಇಡಬಾರದು, ಇದಕ್ಕೆ ವಿನಾಯಿತಿಯಿಲ್ಲ. ಬೆಂಕಿಯು ಬೇಕಾದರೆ ಹೊರಗೆ ನೀರು ಕಾಯಿಸಿ, ಲೋಹದ ಬಾಟಲಿಗೆ ತುಂಬಿ ಬಿರಡೆ ಬಿಗಿದು, ಬಟ್ಟೆ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಲಿ. ಶಾಖವೂ ಬಂದಿತು, ಬೆಳಗ್ಗೆ ಮುಖ ತೊಳೆಯಲು ನೀರೂ ಆಯಿತು.

ದೇಹವೆಂಬ ಒಲೆಗೂ ಸೌದೆ ಬೇಕಷ್ಟೆ. ಮಲಗುವ ಮುಂಚೆ ಜಿಡ್ಡು ಸೇರಿದ ಊಟವನ್ನು ಹೊಟ್ಟೆತುಂಬ ಉಣ್ಣುವುದೂ, ಹತ್ತು ನಿಮಿಷ ಓಡಾಡಿ ಮೈ ಬಿಸಿಮಾಡಿಕೊಂಡು ಹೊದಿಕೆಯೊಳಗೆ ಸೇರುವುದೂ ಲೇಸು. ಹೊದಿಕೆಯು ಶಾಖವನ್ನು ಹುಟ್ಟಿಸದು, ಇದ್ದುದನ್ನು ಕಾಪಾಡುವುದು; ತ��್ಣಗಿನ ಮೈಯನ್ನು ಹೊದೆಸಿದರೆ ತಣ್ಣಗೇ ಇರುವುದು. ರಾತ್ರಿ ಜಲಬಾಧೆಯಾದರೆ ಸೋಮಾರಿತನದಿಂದ ತಡೆದುಕೊಂಡು ಮಲಗುವವರು ನಿದ್ರೆಯನ್ನೂ ಕೆಡಿಸಿಕೊಳ್ಳುವರು, ಚಳಿಯನ್ನೂ ಕಳೆದುಕೊಳ್ಳರು.

ಕಂಬಳಿಯ ಇಂದಿನ ಅವಸ್ಥೆಯನ್ನು ಹೇಳಲು ಮನಸ್ಸು ಹಿಂಜರಿಯುವುದು. ಗಿರಣಿಯ ಅಗ್ಗದ ಹೊದಿಕೆಗಳು ಬಂದಮೇಲೆ ಒರಟು ಉಣ್ಣೆಯನ್ನು ಕೇಳುವವರು ಕಡಮೆಯಾದರು. ಮಾಂಸಕ್ಕಾಗಿ ಉಣ್ಣೆಯಿಲ್ಲದ ತಳಿಗಳನ್ನು ಸಾಕುವುದು ಹೆಚ್ಚಿತು. ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಬೇಲಿಯ ಪಕ್ಕದಲ್ಲಿ ಎಸೆದುಹೋಗುವುದನ್ನು ನಾನೇ ನೋಡಿರುವೆನು. ಕಂಬಳಿ ನೇಯುವವರ ಮಕ್ಕಳು ಬೇರೆ ಕಸುಬುಗಳಿಗೆ ಹೋಗುತ್ತಿರುವರು. ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಹುಣಸೆಬೀಜದ ಸರಿಯನ್ನು ಎಷ್ಟು ದಪ್ಪಗೆ ಕಾಯಿಸಬೇಕು, ಯಾವ ಋತುವಿನ ಉಣ್ಣೆ ಹಾಸಿಗೆ ತಕ್ಕದ್ದು, ಯಾವುದು ಹೊದಿಕೆಗೆ, ಎಂಬ ವಿಷಯಗಳನ್ನು ಅವರ ಬಾಯಿಂದ ಕೇಳಿ, ಅವರದೇ ಶಬ್ದಗಳೊಡನೆ ಬರೆದಿಡುವ ಕೆಲಸವಾದರೂ ನಮ್ಮಂತಹವರಿಂದ ಬೇಗನೆ ಆಗಬೇಕಾಗಿದೆ.

ಅಂದು ಪರಿಷೆಯ ಬೆಳಗ್ಗೆ ನಾನು ಮತ್ತೆ ಅದೇ ದಾರಿಯಲ್ಲಿ ಹೋದೆನು. ಮುದುಕನು ಎದ್ದಿದ್ದನು. ಪಕ್ಕದಲ್ಲಿ ನಿಲ್ಲಿಸಿದ್ದ ಮೋಟಾರುಗಾಡಿಯ ಮೇಲೆಲ್ಲ ಇಬ್ಬನಿ ಹನಿಗಟ್ಟಿತ್ತು. ಮರದ ಕೆಳಗಿದ್ದ ಅವನ ಗೋಣಿಯು ಒಣಗಿಯೇ ಇತ್ತು. ಅವನು ಕಂಬಳಿಯನ್ನು ಎರಡು ಸಲ ಕೊಡಹಿ, ಒಳಮೈಯನ್ನು ಹೊರಗೆ ಮಾಡಿ, ಬಿಸಿಲು ಬರುವ ಕಡೆಗೆ ಕಡಲೆಕಾಯಿ ಮೂಟೆಯ ಮೇಲೆ ಹರಡಿದನು.